ಹಳ್ಳಿ ಹೈಸ್ಕೂಲಿನ ಕ್ಲಬ್ಬುಗಳು: ಚಾರ್ಟಿನಲ್ಲಿ ಎಂಟು, ಬಸ್ ಬಂದರೆ ಒಂದೂ ಇಲ್ಲ

ಹಳ್ಳಿಯ ಯಾವುದಾದರೂ ಸರ್ಕಾರಿ ಹೈಸ್ಕೂಲಿಗೆ ಹೋಗಿ ಮುಖ್ಯ ಶಿಕ್ಷಕರ ಕೊಠಡಿಯ ಗೋಡೆ ನೋಡಿ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿ, ಬಿಸಿಯೂಟದ ಮೆನು, ಮಕ್ಕಳ ಸಹಾಯವಾಣಿ 1098. ಅದರ ಪಕ್ಕದಲ್ಲಿ ಸ್ಕೆಚ್ ಪೆನ್ನಿನಲ್ಲಿ ಬರೆದ ಒಂದು ಚಾರ್ಟು: ಇಕೋ ಕ್ಲಬ್, ವಿಜ್ಞಾನ ಸಂಘ, ಗಣಿತ ಸಂಘ, ಸಾಹಿತ್ಯ ಸಂಘ, ಚುನಾವಣಾ ಸಾಕ್ಷರತಾ ಕ್ಲಬ್, ಮಕ್ಕಳ ಹಕ್ಕುಗಳ ಕ್ಲಬ್, ಗ್ರಾಹಕರ ಕ್ಲಬ್, ಶಾಲಾ ಸಂಸತ್ತು. ಒಂದೊಂದಕ್ಕೂ ಒಬ್ಬರು ಸಂಚಾಲಕ ಶಿಕ್ಷಕರು, ಒಬ್ಬ ಅಧ್ಯಕ್ಷ, ಒಬ್ಬ ಕಾರ್ಯದರ್ಶಿ. ಸ್ವಲ್ಪ ನಿಂತು ಓದಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತೆ. ಸಂಘ ಎಂಟು, ಶಿಕ್ಷಕರ ಹೆಸರು ಮೂರೋ ನಾಲ್ಕೋ, ಮಕ್ಕಳ ಹೆಸರು ಹತ್ತು. ಎಲ್ಲಾ ಕಡೆ ಅದೇ ಹತ್ತು.

'ಎಲ್ಲಾ ಕಾಗದದ ಮೇಲೆ ಬಿಡಿ' ಅಂತ ನಕ್ಕು ಹೋಗುವುದು ಸುಲಭ. ನಾನು ಬಯಲುಸೀಮೆಯ ಇಂಥದ್ದೊಂದು ಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ನಮ್ಮ ಚಾರ್ಟಿನಲ್ಲಿ ನನ್ನ ಹೆಸರು ಮೂರು ಕಡೆ ಇದೆ. ಈ ಸಂಘಗಳು ಯಾಕೆ ನಡೆಯೋದಿಲ್ಲ ಅನ್ನೋದಕ್ಕಿಂತ, ನಡೆದಾಗ ಯಾಕೆ ನಡೆದವು ಅನ್ನೋದೇ ನನಗೆ ಹೆಚ್ಚು ಮುಖ್ಯ ಅನ್ನಿಸುತ್ತೆ. ಹದಿನಾಲ್ಕು ಹದಿನೈದು ವರ್ಷದ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಗೆಳೆತನ ಅಂತ ಒಂದಿದ್ದರೆ ಅದು ಈ ಕಾಂಪೌಂಡಿನ ಒಳಗೇ. ಅದಕ್ಕೆ ಜಾಗ ಎಷ್ಟಿದೆ, ಹೊತ್ತು ಎಷ್ಟಿದೆ ಅನ್ನೋ ಲೆಕ್ಕ ಯಾರೂ ಹಾಕಿದ ಹಾಗೆ ಕಾಣೋದಿಲ್ಲ.

ಮೊದಲು ಶಾಲೆಯ ಗಾತ್ರ ಹೇಳಿಬಿಡ್ತೀನಿ. ನೂರರ ಆಸುಪಾಸು ಮಕ್ಕಳಿರುವ ಹೈಸ್ಕೂಲು ಅಂದರೆ ಎಂಟು, ಒಂಬತ್ತು, ಹತ್ತು ಮೂರೇ ತರಗತಿ, ಒಂದೊಂದೇ ಸೆಕ್ಷನ್. ಕನ್ನಡ, ಇಂಗ್ಲಿಷ್, ಹಿಂದಿಗೆ ಒಬ್ಬೊಬ್ಬರು. ಗಣಿತ ಭೌತಶಾಸ್ತ್ರಕ್ಕೊಬ್ಬರು, ರಸಾಯನಶಾಸ್ತ್ರ ಜೀವಶಾಸ್ತ್ರಕ್ಕೊಬ್ಬರು, ಸಮಾಜ ವಿಜ್ಞಾನಕ್ಕೊಬ್ಬರು. ಅದೃಷ್ಟ ಇದ್ದರೆ ಪಿಟಿ ಸಾರ್. ಚಿತ್ರಕಲೆ, ಸಂಗೀತದವರು ಎಷ್ಟೋ ಶಾಲೆಗಳಿಗೆ ಬಂದೇ ಇಲ್ಲ. ಇರುವವರಲ್ಲಿ ಒಬ್ಬಿಬ್ಬರು ಅತಿಥಿ ಶಿಕ್ಷಕರು, ಮುಂದಿನ ಜೂನಿನಲ್ಲಿ ಇರ್ತಾರೋ ಇಲ್ವೋ ಅವರಿಗೇ ಗೊತ್ತಿರೋದಿಲ್ಲ. ಯಾವುದೇ ದಿನ ಒಬ್ಬರು ತರಬೇತಿಗೋ ಸಮೀಕ್ಷೆಗೋ ಹೋಗಿರ್ತಾರೆ. ಪೇಟೆಯ ಶಾಲೆಯಲ್ಲಿ ಸಂಘಕ್ಕೊಬ್ಬ ಶಿಕ್ಷಕರು ಸಿಗಬಹುದು. ಇಲ್ಲಿ ಶಿಕ್ಷಕರಿಗೆ ತಲಾ ಎರಡು ಸಂಘ.

ಸಂಘಗಳ ಸಂಖ್ಯೆ ಬೆಳೆದದ್ದಕ್ಕೆ ಒಂದು ಸರಳ ಕಾರಣ ಇದೆ. ಮಕ್ಕಳನ್ನು ತಲುಪಬೇಕು ಅನ್ನಿಸಿದ ಪ್ರತಿ ಇಲಾಖೆಗೂ ಶಾಲೆಯೇ ಹತ್ತಿರದ ದಾರಿ. ಕೇಂದ್ರ ಪರಿಸರ ಸಚಿವಾಲಯ 2001-02ರಲ್ಲಿ ರಾಷ್ಟ್ರೀಯ ಹಸಿರು ಪಡೆ ಶುರು ಮಾಡಿತು, ಇಕೋ ಕ್ಲಬ್ ಬಂತು. ಚುನಾವಣಾ ಆಯೋಗ 2018ರ ಜನವರಿ 25ರ ಮತದಾರರ ದಿನಕ್ಕೆ ಚುನಾವಣಾ ಸಾಕ್ಷರತಾ ಕ್ಲಬ್ ತಂತು. ಹೀಗೆ ಒಂದರ ಮೇಲೊಂದು. ಬಂದದ್ದು ಯಾವುದೂ ವಾಪಸ್ ಹೋಗಲಿಲ್ಲ. ಒಂದೊಂದಕ್ಕೂ ಒಂದು ರಿಜಿಸ್ಟರ್, ಒಂದು ಫೋಟೊ, ಒಂದು ವರದಿ. ಯಾವುದಕ್ಕೂ ಒಂದು ಪೀರಿಯಡ್ ಮಾತ್ರ ಬರಲಿಲ್ಲ.

ದುಡ್ಡು ಬರೋದೇ ಇಲ್ಲ ಅಂತಲ್ಲ. ಸಮಗ್ರ ಶಿಕ್ಷಣದ ಮಾರ್ಗಸೂಚಿಯಲ್ಲಿ ಯೂತ್ ಮತ್ತು ಇಕೋ ಕ್ಲಬ್‌ಗೆ ಪ್ರೌಢಶಾಲೆಯೊಂದಕ್ಕೆ ವರ್ಷಕ್ಕೆ 25,000 ರೂಪಾಯಿವರೆಗೆ, ಕ್ರೀಡಾ ಸಾಮಗ್ರಿಗೆ ಇನ್ನೊಂದು 25,000 ರೂಪಾಯಿವರೆಗೆ ಅವಕಾಶ ಇದೆ. 'ವರೆಗೆ' ಅನ್ನೋ ಪದದ ಮೇಲೆ ಒಂದು ಕಣ್ಣಿರಲಿ. ಯಾವಾಗ ಬರುತ್ತೆ ಅನ್ನೋದು ಇನ್ನೊಂದು ಪ್ರಶ್ನೆ. ಒಂದು ವರ್ಷ ನಮಗೆ ಇಕೋ ಕ್ಲಬ್ಬಿನ ಹಣ ಫೆಬ್ರವರಿ ಕೊನೆಗೆ ಬಂತು, ಮಾರ್ಚ್ 31ರೊಳಗೆ ಖರ್ಚು ಮಾಡಿ ಬಳಕೆ ಪ್ರಮಾಣಪತ್ರ ಕೊಡಿ ಅನ್ನೋ ಸೂಚನೆ ಜೊತೆ. ನಮ್ಮ ಕಡೆ ಮಾರ್ಚಿನಲ್ಲಿ ಹಾರೆ ಹಾಕಿದರೆ ನೆಲ ಕಿಡಿ ಕಾರುತ್ತೆ. ಗಿಡ ನೆಟ್ಟರೆ ನೀರು ಹಾಕೋದಕ್ಕೆ ಬೇಸಿಗೆ ರಜೆಯಲ್ಲಿ ಯಾರಿರ್ತಾರೆ? ಡ್ರಮ್ಮು, ಪೈಪು, ಗುದ್ದಲಿ ತಂದು ಇಟ್ಟೆವು. ಅವು ಜೂನಿನಲ್ಲಿ ಉಪಯೋಗಕ್ಕೆ ಬಂದವು ಅನ್ನಿ.

ಆದರೆ ಹಣಕ್ಕಿಂತ, ಶಿಕ್ಷಕರ ಕೊರತೆಗಿಂತ ದೊಡ್ಡ ಅಡ್ಡಿ ಹೊತ್ತು.

ನಾಲ್ಕೂಇಪ್ಪತ್ತರ ನಂತರ

ನಮ್ಮಲ್ಲಿ ಸಂಜೆ 4.20ಕ್ಕೆ ಬೆಲ್. ಹತ್ತು ಹನ್ನೊಂದು ಹಳ್ಳಿ, ಹಟ್ಟಿ, ತಾಂಡಾಗಳಿಂದ ಮಕ್ಕಳು ಬರ್ತಾರೆ. ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಬಸ್ಸೇ ಗತಿ. ಎಂಟನೇ ತರಗತಿಗೆ ಕೊಡುತ್ತಿದ್ದ ಸರ್ಕಾರದ ಸೈಕಲ್ಲು ನೆನಪಿರಬಹುದು. 2006-07ರಲ್ಲಿ ಶುರುವಾದದ್ದು ಕೋವಿಡ್ ಬಂದ ಮೇಲೆ ನಿಂತುಹೋಯಿತು. ಸೈಕಲ್ ಇದ್ದಾಗ ಮನೆಗೆ ಹೊರಡುವ ಹೊತ್ತು ಮಕ್ಕಳ ಕೈಯಲ್ಲಿತ್ತು. ಐದು ಗಂಟೆವರೆಗೆ ಥ್ರೋಬಾಲ್ ಆಡಿ ನಾಲ್ಕು ಜನ ಒಟ್ಟಿಗೆ ಪೆಡಲ್ ತುಳಿದುಕೊಂಡು ಹೋಗುತ್ತಿದ್ದರು. ಆ ದಾರಿಯೂ ಒಂದು ಕ್ಲಬ್ಬೇ ಆಗಿತ್ತು ಅಂತ ಈಗ ಅನ್ನಿಸುತ್ತೆ. ಈಗ 'ಮಿಸ್, ಬಸ್ ಬಂತು' ಅಂದರೆ ಮುಗೀತು. ಪ್ರಯೋಗ ಅರ್ಧಕ್ಕಿರಲಿ, ಚರ್ಚಾಸ್ಪರ್ಧೆಯಲ್ಲಿ ಎದುರಾಳಿ ಬಾಯಿ ತೆರೆದಿರಲಿ, ಬ್ಯಾಗು ಹೆಗಲೇರುತ್ತೆ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ. ಅದು ಹೆಣ್ಣುಮಕ್ಕಳ ಶಾಲಾ ಬದುಕಿನಲ್ಲಿ ಮಾಡಿದ ಒಂದು ಸಣ್ಣ ಬದಲಾವಣೆ ಸುದ್ದಿಯಾಗಲಿಲ್ಲ. ಮೊದಲು ತಾಲೂಕು ಮಟ್ಟದ ಪಂದ್ಯಕ್ಕೋ ಪ್ರತಿಭಾ ಕಾರಂಜಿಗೋ ಹೋಗಬೇಕಾದರೆ ಮನೆಯಲ್ಲಿ ಬಸ್ ಚಾರ್ಜ್ ಕೇಳಬೇಕಿತ್ತು. ಕೇಳಿದ ಕೂಡಲೇ 'ಯಾಕೆ, ಎಲ್ಲಿಗೆ, ಯಾರ ಜೊತೆ' ಶುರು. ಈಗ ಆಧಾರ್ ಕಾರ್ಡು ಬ್ಯಾಗಿನಲ್ಲಿದ್ದರೆ ಸಾಕು. ಪ್ರಶ್ನೆಗಳು ನಿಂತಿಲ್ಲ, ಆದರೆ ದುಡ್ಡಿನ ನೆಪ ಹೋಗಿದೆ. ಟಿಕೆಟ್ ಉಚಿತ ಆದರೂ ಬಸ್ಸಿನ ಹೊತ್ತು ಮಾತ್ರ ಬದಲಾಗಲಿಲ್ಲ.

ಮನೆ ಮುಟ್ಟಿದ ಮೇಲೆ ಏನು ಅಂತ ನೋಡಿದರೆ ಹುಡುಗರ ಬದುಕೂ ಹುಡುಗಿಯರ ಬದುಕೂ ಬೇರೆ ಬೇರೆ ಆಗಿಬಿಡುತ್ತೆ. ಹುಡುಗರಿಗೆ ಊರಲ್ಲೇ ಸಂಘಗಳಿವೆ. ಗಣಪತಿ ಕೂರಿಸುವ ಸಮಿತಿ, ಕ್ರಿಕೆಟ್ ಟೀಮು, ಸಿನಿಮಾ ನಟರ ಅಭಿಮಾನಿ ಬಳಗ, ಅರಳಿಕಟ್ಟೆ, ಡೇರಿ ಮುಂದಿನ ಜಗಲಿ. ಅಲ್ಲಿ ಎಲ್ಲವೂ ಒಳ್ಳೆಯದೇ ಅಂತ ನಾನು ಹೇಳೋದಿಲ್ಲ, ಅಲ್ಲಿಂದ ಏನೇನು ಕಲಿತು ಬರ್ತಾರೆ ಅಂತ ಸೋಮವಾರ ಬೆಳಿಗ್ಗೆ ತರಗತಿಯಲ್ಲಿ ಗೊತ್ತಾಗುತ್ತೆ. ಆದರೂ ಅದು ಗೆಳೆಯರ ಜೊತೆ ಕೂರುವ ಜಾಗ. ಹುಡುಗಿಯರಿಗೆ? ಸ್ತ್ರೀಶಕ್ತಿ ಸಂಘ ಅಮ್ಮಂದಿರದು. ಆರು ಗಂಟೆ ಮೇಲೆ ಗೆಳತಿ ಮನೆಗೆ ಹೋಗೋದಕ್ಕೂ 'ನೋಟ್ಸ್ ತರ್ಬೇಕು' ಅನ್ನೋ ಕಾರಣ ಬೇಕು. ಹಸು, ಪಾತ್ರೆ, ತಮ್ಮ ತಂಗಿ, ರಾತ್ರಿ ಅಡುಗೆ ಕಾಯ್ತಾ ಇರುತ್ತೆ. ಫೋನು ಅಣ್ಣನ ಹತ್ತಿರ. ಹಾಗಾಗಿ ಶಾಲೆಯಲ್ಲಿ ಒಂದು ಸಂಘ ನಿಂತುಹೋದರೆ ಹುಡುಗನಿಗೆ ನಾಲ್ಕರಲ್ಲಿ ಒಂದು ಹೋದಂತೆ, ಹುಡುಗಿಗೆ ಇದ್ದ ಒಂದೇ ಒಂದು ಹೋದಂತೆ.

ಬಸ್ಸಿಗೆ ಕಾಯುವವರ ಸಂಘ

ನಮ್ಮ ಶಾಲೆಯಲ್ಲಿ ಸ್ವಂತ ಉಸಿರಿನಿಂದ ನಡೆದ ಸಂಘ ಅಂದರೆ ಒಂದೇ, ಅದು ಚಾರ್ಟಿನಲ್ಲಿ ಇರಲೇ ಇಲ್ಲ. ಕೆಲವು ವರ್ಷ ಒಂದು ರೂಟಿನ ಬಸ್ಸು 5.30ರ ಮೇಲೆ ಬರುತ್ತಿತ್ತು. ತಾಂಡಾ ಮತ್ತು ಎರಡು ಹಟ್ಟಿಯ ಮಕ್ಕಳು, ಹೆಚ್ಚಿನವರು ಹುಡುಗಿಯರು, ಒಂದು ಗಂಟೆಗೂ ಮೀರಿ ಕಾಯಬೇಕಿತ್ತು. ರಸ್ತೆ ಪಕ್ಕ ನಿಲ್ಲೋದು ಬೇಡ ಅಂತ ಮುಖ್ಯ ಶಿಕ್ಷಕರು ಗ್ರಂಥಾಲಯದ ಬೀರು ಇರುವ ಕೊಠಡಿ ತೆರೆದಿಡಿಸಿದರು. ಅಲ್ಲಿ ಹಳೇ ಸುಧಾ, ತರಂಗ, ಮಯೂರ ಕಟ್ಟು ಕಟ್ಟಾಗಿ ಇದ್ದವು. ಯಾರೋ ಒಬ್ಬಳು ಪದಬಂಧ ಬಿಡಿಸೋದಕ್ಕೆ ಕೂತಳು, ಇನ್ನೊಬ್ಬಳು ಭುಜದ ಮೇಲಿಂದ ಇಣುಕಿ ಉತ್ತರ ಹೇಳಿದಳು. ಒಂದು ತಿಂಗಳಲ್ಲಿ ಹದಿನೈದು ಮಕ್ಕಳು ಎರಡು ಪಾರ್ಟಿ ಮಾಡಿಕೊಂಡು ಪದಬಂಧಕ್ಕೆ ಜಗಳ ಆಡ್ತಾ ಇದ್ದರು. ಆಮೇಲೆ ತಾವೇ ಪದಬಂಧ ತಯಾರಿಸಿ ಗೋಡೆಗೆ ಅಂಟಿಸಿದರು. ಅದು ಗೋಡೆ ಪತ್ರಿಕೆ ಆಯಿತು. ಲಂಬಾಣಿ ಪದಗಳನ್ನೂ ಸೇರಿಸಿದ ಒಂದು ಪದಬಂಧವನ್ನು ನಮ್ಮ ಕನ್ನಡ ಮೇಷ್ಟ್ರಿಗೂ ಬಿಡಿಸೋದಕ್ಕೆ ಆಗಲಿಲ್ಲ. ಆ ದಿನ ಮಕ್ಕಳ ಮುಖ ನೋಡಬೇಕಿತ್ತು.

ಇದು ಯಾಕೆ ನಡೆಯಿತು ಅಂತ ನಾನು ಬಹಳ ಯೋಚನೆ ಮಾಡಿದ್ದೀನಿ. ಅಲ್ಲಿ ಒಳ್ಳೆಯ ಶಿಕ್ಷಕರಿದ್ದರು ಅಂತಲ್ಲ, ನಾವು ಯಾರೂ ಕೂತು ನಡೆಸಲಿಲ್ಲ. ಆ ಒಂದು ಗಂಟೆಗೆ ವಾರಸುದಾರರು ಯಾರೂ ಇರಲಿಲ್ಲ. ಶಾಲೆಯ ಹೊತ್ತು ಮುಗಿದಿತ್ತು, ಮನೆಯ ಹೊತ್ತು ಶುರುವಾಗಿರಲಿಲ್ಲ. ಬಸ್ ಬಂದಿಲ್ಲ ಅಂದರೆ ಮನೆಯಲ್ಲೂ ಯಾರೂ ಬೈಯೋ ಹಾಗಿಲ್ಲ. ಹಳ್ಳಿಯ ಹುಡುಗಿಗೆ ಯಾರಿಗೂ ಲೆಕ್ಕ ಕೊಡಬೇಕಿಲ್ಲದ ಹೊತ್ತು ಸಿಗೋದು ಇಂಥ ಸಂದಿಗಳಲ್ಲೇ.

ಇನ್ನೊಂದು ವಿಷಯ ನಾನು ತಡವಾಗಿ ಗಮನಿಸಿದ್ದು. ಶಾಲೆ ಇರುವ ಊರಿನ ಮಕ್ಕಳು ಬೆಲ್ ಹೊಡೆದ ಕೂಡಲೇ ನಡೆದು ಮನೆಗೆ ಹೋಗುತ್ತಿದ್ದರು. ಊರಿನ ಮನೆಗಳಲ್ಲಿ ಜಮೀನುದಾರರೇ ಜಾಸ್ತಿ, ಎಸ್‌ಡಿಎಂಸಿಯಲ್ಲೂ ಅವರೇ. ಸಾಮಾನ್ಯವಾಗಿ ಸಂಘಗಳ ಅಧ್ಯಕ್ಷ, ಕಾರ್ಯದರ್ಶಿ ಅವರ ಮಕ್ಕಳೇ ಆಗೋದು, ಅದು ಯಾರೂ ಬರೆದಿಡದ ನಿಯಮ. ಬಸ್ಸಿಗೆ ಕಾಯುವವರ ಗುಂಪಿನಲ್ಲಿ ಮಾತ್ರ ತಾಂಡಾ, ಹಟ್ಟಿ, ಕಾಲೋನಿಯ ಮಕ್ಕಳೇ ಬಹುಮತ. ಅಲ್ಲಿ ಮಾತಾಡದೆ ಕೂರುವ ಅಗತ್ಯ ಅವರಿಗೆ ಇರಲಿಲ್ಲ. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದ ಹುಡುಗಿ ಇಲ್ಲಿ ಪಾರ್ಟಿ ಲೀಡರು.

ಆಮೇಲೆ ಪೋಷಕರು ಮನವಿ ಕೊಟ್ಟರು, ಹೆಣ್ಣುಮಕ್ಕಳು ಕತ್ತಲಾಗುವ ಹೊತ್ತಿಗೆ ಮನೆ ಸೇರ್ತಾರೆ ಅಂತ. ನ್ಯಾಯವಾದ ಮನವಿಯೇ. ಬಸ್ಸು 4.40ಕ್ಕೆ ಬಂತು. ಒಂದು ವಾರದಲ್ಲಿ ಪದಬಂಧದ ಸಂಘ ಮಾಯ. ನಾವು ಅದನ್ನು ಗುರುವಾರದ ಕೊನೆಯ ಪೀರಿಯಡ್ಡಿಗೆ ತಂದೆವು. ಊರಿನ ಮಕ್ಕಳೂ ಬಂದರು, ಅದು ಒಳ್ಳೆಯದೇ ಆಯಿತು. ಆದರೆ ಎರಡನೇ ವಾರಕ್ಕೇ ಕಾರ್ಯದರ್ಶಿ ಸ್ಥಾನ ಊರಿನವರ ಪಾಲಾಗಿತ್ತು. ಈಗ ಒಂದು ನಿಯಮ ಇಟ್ಟುಕೊಂಡಿದ್ದೀವಿ. ಒಂದು ತಿಂಗಳಿಗೆ ಒಂದು ರೂಟಿನವರು ಕಾರ್ಯದರ್ಶಿ, ನಡೆದು ಬರುವವರದೂ ಒಂದು ರೂಟು. ಜಾತಿ ಹೆಸರು ಎತ್ತದೆ ಕೆಲಸ ಆಗುತ್ತೆ.

ಶಾಲಾ ಸಂಸತ್ತಿನಲ್ಲೂ ಇದೇ ಲೆಕ್ಕ ಓಡುತ್ತೆ. ಮಳೆಗಾಲ ಶುರುವಾಗುವ ಹೊತ್ತಿಗೆ ಚುನಾವಣೆ. ಮೊಬೈಲ್ ಆ್ಯಪಿನಲ್ಲಿ ಮತಯಂತ್ರ, ಬೆರಳಿಗೆ ಶಾಯಿ, ಪ್ರಮಾಣವಚನ, ಎಲ್ಲಾ ಉಂಟು. ಮತ ಬೀಳೋದು ಬಸ್ ರೂಟಿನ ಪ್ರಕಾರ. ದೊಡ್ಡವರ ಚುನಾವಣೆ ನೋಡಿದವರಿಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಮುಖ್ಯಮಂತ್ರಿಯಾದವನಿಗೆ ಪ್ರಾರ್ಥನೆಯಲ್ಲಿ 'ಸಾವಧಾನ್' ಹೇಳೋದು ಬಿಟ್ಟರೆ ಕೆಲಸ ಕಡಿಮೆ. ಆದರೆ ಆಹಾರ ಮಂತ್ರಿಗೆ ನಿಜವಾದ ಕೆಲಸ ಇದೆ: ತಟ್ಟೆ ಎಣಿಸೋದು, ಅಡುಗೆಯವರಿಗೆ ಲೆಕ್ಕ ಹೇಳೋದು, ಸಾಲಿನಲ್ಲಿ ಯಾರು ಯಾರನ್ನೋ ಹಿಂದೆ ತಳ್ಳದಂತೆ ನೋಡೋದು. ಆ ಖಾತೆ ಯಾರಿಗೆ ಅನ್ನೋದರ ಮೇಲೆ ನನಗೆ ಮುಖ್ಯಮಂತ್ರಿಗಿಂತ ಹೆಚ್ಚು ಆಸಕ್ತಿ.

ಪ್ರತಿಭಾ ಕಾರಂಜಿ ಬಗ್ಗೆ ಒಂದು ಮಾತು, ಯಾಕೆಂದರೆ ಪಠ್ಯೇತರ ಚಟುವಟಿಕೆ ಅಂದ ಕೂಡಲೇ ಎಲ್ಲರೂ ಅದನ್ನೇ ಹೇಳ್ತಾರೆ. ಕ್ಲಸ್ಟರ್, ತಾಲೂಕು, ಜಿಲ್ಲೆ, ರಾಜ್ಯ ಅಂತ ಮೇಲೇರುವ ಸ್ಪರ್ಧೆ ಅದು, ಹಳ್ಳಿ ಮಕ್ಕಳಿಗೆ ವೇದಿಕೆ ಕೊಟ್ಟಿದೆ, ಅದರಲ್ಲಿ ಸಂಶಯ ಇಲ್ಲ. ಆದರೆ ಸ್ಪರ್ಧೆಗೆ ಬೇಕಾದ್ದು ಚೆನ್ನಾಗಿ ಹಾಡುವ ಒಬ್ಬಳು. ಸುಮಾರಾಗಿ ಹಾಡುವ ಇಪ್ಪತ್ತು ಜನ ಸೇರಿ ಹಾಡುವ ಸುಖಕ್ಕೆ ಅಲ್ಲಿ ಕಾಲಂ ಇಲ್ಲ.

ಖೋಖೋ ಚೌಕದಲ್ಲಿ ಒಬ್ಬಳು ಕಮ್ಮಿ

ಇದೆಲ್ಲಾ ಬರೀ ಮನರಂಜನೆಯ ಮಾತು ಅಂದುಕೊಂಡವರಿಗೆ ಒಂದು ಘಟನೆ ಹೇಳಬೇಕು. ನಮ್ಮಲ್ಲಿ ಹುಡುಗಿಯರ ಖೋಖೋ ತಂಡ ಇದೆ. ಪಿಟಿ ಸಾರ್ ಇದ್ದಾರೆ, ಸುಣ್ಣದಲ್ಲಿ ಗೆರೆ ಎಳೆದರೆ ಅಂಕಣ ರೆಡಿ, ಎರಡು ಕಂಬ ಬಿಟ್ಟರೆ ಬೇರೆ ಖರ್ಚಿಲ್ಲ. ಬಡ ಶಾಲೆಗೆ ಹೇಳಿ ಮಾಡಿಸಿದ ಆಟ. ಅಭ್ಯಾಸ ಮಧ್ಯಾಹ್ನ ಊಟವಾದ ಮೇಲೆ ಸಿಗುವ ಅರ್ಧ ಗಂಟೆಯಲ್ಲಿ.

ಅಟ್ಟಿಸುವ ಕಡೆಯಲ್ಲಿ ಎಂಟು ಜನ ಚೌಕಗಳಲ್ಲಿ ಕೂರಬೇಕು, ಒಬ್ಬಳು ಓಡಬೇಕು. ಒಂಬತ್ತನೇ ತರಗತಿಯ ಒಬ್ಬಳು ನಾಲ್ಕು ದಿನ ಬರಲಿಲ್ಲ. ಹಾಜರಾತಿ ಪುಸ್ತಕದಲ್ಲಿ ಅದು ನಾಲ್ಕು ಗೈರು. ಸುಗ್ಗಿ ಕಾಲ, ಗೈರಾದವರು ಇನ್ನೂ ಆರು ಜನ ಇದ್ದರು, ನಾವು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಆದರೆ ತಂಡದ ಹುಡುಗಿಯರಿಗೆ ಒಂದು ಚೌಕ ಖಾಲಿ. ಅವರು ಬಸ್ಸಿನಲ್ಲಿ ಅವಳ ಊರಿನ ಚಿಕ್ಕ ಹುಡುಗಿಯನ್ನು ವಿಚಾರಿಸಿದರು. ಐದನೇ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ಮೂವರು ನಿಂತಿದ್ದರು. 'ಸಾರ್, ಅವಳಿಗೆ ಗೊತ್ತು ಮಾಡ್ತಾವ್ರಂತೆ.' ನಮ್ಮ ಕಡೆ ಗೊತ್ತು ಮಾಡೋದು ಅಂದರೆ ಮದುವೆ ನಿಶ್ಚಯ ಮಾಡೋದು. ಮುಖ್ಯ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆ, ಪಿಡಿಒ ಸೇರಿ ಮನೆಗೆ ಹೋದರು. ಮಾತುಕತೆ ಸುಲಭ ಇರಲಿಲ್ಲ, ಎರಡು ಸಲ ಹೋಗಬೇಕಾಯಿತು. 1098 ಅನ್ನುವ ಸಂಖ್ಯೆ ನಮ್ಮ ಗೋಡೆಯ ಮೇಲೆ ವರ್ಷಗಳಿಂದ ಇದೆ. ಆದರೆ ವಿಷಯ ನಮಗೆ ಮುಟ್ಟಿದ್ದು ಖಾಲಿ ಚೌಕದಿಂದ. ಆ ಹುಡುಗಿ ತಿರುಗಿ ಬಂದಳು, ಹತ್ತನೇ ತರಗತಿ ಮುಗಿಸಿದಳು.

ಎಲ್ಲಾ ಸಲ ಹೀಗೇ ಆಗುತ್ತೆ ಅಂತ ಹೇಳಲಾರೆ. ಆದರೆ ಯಾವ ಗುಂಪಿಗೂ ಸೇರದ ಹುಡುಗಿ ಶಾಲೆ ಬಿಟ್ಟರೆ ನಮಗೆ ತಿಳಿಯೋದು ತಿಂಗಳ ಕೊನೆಯಲ್ಲಿ, ಹಾಜರಾತಿ ಕೂಡಿಸುವಾಗ.

ಹತ್ತನೇ ತರಗತಿ ಅನ್ನೋ ಬೇಲಿ

ಈಗ ಇರುವ ಸ್ವಲ್ಪ ಹೊತ್ತನ್ನೂ ತಿನ್ನುತ್ತಿರೋದು ಫಲಿತಾಂಶದ ಒತ್ತಡ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್ ಬಂತು, ಹಿಂದಿನ ವರ್ಷ ಶೇ. 83.89 ಇದ್ದ ರಾಜ್ಯದ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ನಕಲು ನಿಲ್ಲಬೇಕಾದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಮೇಲೆ ಬಂದ ಒತ್ತಡ ಇಳಿದದ್ದು ಶಾಲೆಯ ವೇಳಾಪಟ್ಟಿಯ ಮೇಲೆ. ಬೆಳಿಗ್ಗೆ ವಿಶೇಷ ತರಗತಿ, ಸಂಜೆ ವಿಶೇಷ ತರಗತಿ, ಸರಣಿ ಪರೀಕ್ಷೆ, ಗುಂಪು ಅಧ್ಯಯನ. ದಸರಾ ರಜೆ ಮುಗಿದ ಮೇಲೆ ಹತ್ತನೆಯವರನ್ನು ಸಂಘಕ್ಕೆ ಕರೆದರೆ ಸ್ಟಾಫ್ ಮೀಟಿಂಗಿನಲ್ಲಿ ನನ್ನ ಕಡೆ ಎಲ್ಲರೂ ತಿರುಗಿ ನೋಡ್ತಾರೆ. ತಿಂಗಳಿಗೊಂದು ಶನಿವಾರ ಬ್ಯಾಗಿಲ್ಲದ ದಿನ ಅಂತ ಇದೆ, 'ಸಂಭ್ರಮ ಶನಿವಾರ'. ಎಂಟನೆಯವರು ನಿಜವಾಗಿಯೂ ಸಂಭ್ರಮ ಪಡ್ತಾರೆ. ಹತ್ತನೆಯವರಿಗೆ ಆ ದಿನವೂ ಗಣಿತ.

ತಮಾಷೆ ಏನೆಂದರೆ, ವಿಶೇಷ ತರಗತಿಗೆ ಸಂಜೆ 5.30ರವರೆಗೆ ನಿಲ್ಲಿಸಿಕೊಂಡರೆ ಯಾವ ಪೋಷಕರೂ ಬಸ್ಸಿನ ಪ್ರಶ್ನೆ ಎತ್ತೋದಿಲ್ಲ. ಯಾರಾದರೂ ಒಬ್ಬರು ಬೈಕಿನಲ್ಲಿ ಬಂದು ಕರೆದುಕೊಂಡು ಹೋಗ್ತಾರೆ, ಇಲ್ಲಾ ನಾಲ್ಕು ಮನೆಯವರು ಸೇರಿ ಒಂದು ಆಟೋ ಗೊತ್ತು ಮಾಡ್ತಾರೆ. ಅಂದರೆ ದಾರಿ ಇಲ್ಲ ಅಂತಲ್ಲ. ಪರೀಕ್ಷೆಗಾದರೆ ದಾರಿ ಇದೆ, ಗೆಳತಿಯರ ಜೊತೆ ಹಾಡೋದಕ್ಕಾದರೆ ಇಲ್ಲ. ಇದನ್ನು ನಾನು ಪೋಷಕರ ಸಭೆಯಲ್ಲಿ ಹೇಳಿದ್ದೀನಿ. ಒಬ್ಬ ತಾಯಿ ಎದ್ದು ನಿಂತು, 'ಮಿಸ್ಸಮ್ಮ, ಹತ್ತು ಮುಗಿದ್ ಮ್ಯಾಲೆ ನಮ್ ಹುಡ್ಗಿ ಆ ಹುಡ್ಗೀರನ್ನ ಎಲ್ ನೋಡ್ತಾಳೆ, ಇರೋ ಅಷ್ಟ್ ದಿನ ಆಡ್ಕೊಳ್ಲಿ ಬಿಡಿ' ಅಂದರು. ಅವರ ಪಕ್ಕದಲ್ಲಿದ್ದ ಗಂಡಸರು ಯಾರೂ ಏನೂ ಹೇಳಲಿಲ್ಲ.

ಹಾಗಾಗಿ ನಾವು ಈಗ ಸಂಘದ ಜವಾಬ್ದಾರಿಗಳನ್ನು ಒಂಬತ್ತನೆಯವರಿಗೆ ಕೊಡ್ತೀವಿ, ಎಂಟು ಸಂಘಗಳನ್ನು ಸೇರಿಸಿ ಮೂರು ಮಾಡಿಕೊಂಡಿದ್ದೀವಿ. ರಿಜಿಸ್ಟರ್ ಮಾತ್ರ ಎಂಟು, ಕೇಳಿದವರಿಗೆ ಅವರವರದ್ದು ತೋರಿಸಬೇಕಲ್ಲ. ಗುರುವಾರದ ಕೊನೆಯ ಪೀರಿಯಡ್ ಮೂರಕ್ಕೂ ಮೀಸಲು. ಅದನ್ನು ಉಳಿಸಿಕೊಳ್ಳೋದೇ ದೊಡ್ಡ ಕೆಲಸ. ಯಾರಿಗೆ ಪಾಠ ಹಿಂದುಳಿದರೂ ಮೊದಲು ಕಣ್ಣು ಬೀಳೋದು ಅದರ ಮೇಲೆ.

ಬಸ್ಸಿನ ವಿಷಯದಲ್ಲಿ ಮಕ್ಕಳ ಗ್ರಾಮಸಭೆ ಒಂದು ದಾರಿ. 2006ರಿಂದ ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸುತ್ತಿವೆ. ಅದಕ್ಕೂ ಮುಂಚೆ 1990ರ ದಶಕದಲ್ಲೇ ಕುಂದಾಪುರದ ಕಡೆ ಮಕ್ಕಳ ಪಂಚಾಯಿತಿಗಳು ಶುರುವಾಗಿದ್ದವು. ಬಹಳ ಕಡೆ ಇದು ಭಾಷಣ, ಬಿಸ್ಕತ್ತು, ಗುಂಪು ಫೋಟೊದಲ್ಲಿ ಮುಗಿಯುತ್ತೆ. ಆದರೆ ಅಲ್ಲಿ ಮಗು ಎದ್ದು ಕೇಳಿದ್ದನ್ನು ನಡಾವಳಿಯಲ್ಲಿ ಬರೆಯಬೇಕು, ಬರೆದದ್ದಕ್ಕೆ ಪಂಚಾಯಿತಿ ಉತ್ತರ ಕೊಡಬೇಕು. ಕಳೆದ ಸಲ ನಮ್ಮ ಆಹಾರ ಮಂತ್ರಿ, ಹಟ್ಟಿಯ ಹುಡುಗಿ, ಶೌಚಾಲಯದ ನೀರಿನ ಜೊತೆ ಇನ್ನೊಂದು ಕೇಳಿದಳು: ವಾರದಲ್ಲಿ ಒಂದೇ ಒಂದು ದಿನ, ಗುರುವಾರ, ಬಸ್ಸು 5.15ಕ್ಕೆ ಬರಲಿ. ಪಿಡಿಒ ನಕ್ಕರು, ಆದರೆ ಬರೆದುಕೊಂಡರು. ಅದರ ನಕಲು, ಬಸ್ಸಿನಲ್ಲಿ ಬರುವ ಮಕ್ಕಳ ರೂಟುವಾರು ಪಟ್ಟಿ, ಎಸ್‌ಡಿಎಂಸಿ ಅಧ್ಯಕ್ಷರ ಸಹಿ, ಮುಖ್ಯ ಶಿಕ್ಷಕರ ಮೊಹರು, ಎಲ್ಲಾ ಸೇರಿಸಿ ಜುಲೈನಲ್ಲಿ ಡಿಪೋಗೆ ಅರ್ಜಿ ಕೊಟ್ಟಿದ್ದೀವಿ. ಸ್ವೀಕೃತಿ ಸೀಲು ಬಿದ್ದಿದೆ. ಕಂಡಕ್ಟರ್ ಹತ್ತಿರ ಮಕ್ಕಳು ಪ್ರತಿ ಗುರುವಾರ 'ಏನಾಯ್ತಣ್ಣ' ಅಂತ ಕೇಳ್ತಾ ಇದ್ದಾರೆ.